ಚೀನಾದಲ್ಲಿ ಇಂಟರ್ನ್‌ಶಿಪ್‌: ದಲ್ಲಾಳಿ ಬೇಡ, ಗುರುತಿನವರು ಬೇಕು

ಸಂಪಾದಕರಿಗೆ ನಮಸ್ಕಾರ.

ಚೀನಾ ಸರಕಾರ 2025ರ ಅಕ್ಟೋಬರ್ 1ರಿಂದ ವಿಜ್ಞಾನ, ತಂತ್ರಜ್ಞಾನ ಓದಿದ ಹೊರದೇಶದ ಯುವಕರಿಗಾಗಿ ಕೆ ವೀಸಾ ಶುರು ಮಾಡಿತು. ಭಾರತ, ಚೀನಾ ನಡುವೆ ಐದು ವರ್ಷ ನಿಂತುಹೋಗಿದ್ದ ನೇರ ವಿಮಾನಗಳೂ ಅದೇ ತಿಂಗಳ ಕೊನೆಗೆ ಮತ್ತೆ ಶುರುವಾದವು. ಆಗಿನಿಂದ ನನಗೆ ಫೋನ್ ಬರುವುದು ಜಾಸ್ತಿಯಾಗಿದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ‘ಅಣ್ಣಾ, ಅಲ್ಲಿ ಓದ್ತಾ ಓದ್ತಾ ಇಂಟರ್ನ್‌ಶಿಪ್ ಸಿಗುತ್ತಾ? ಒಬ್ರು ದುಡ್ಡು ಕೊಟ್ರೆ ಶಾಂಘೈನಲ್ಲೇ ಕೊಡಿಸ್ತೀನಿ ಅಂತಿದ್ದಾರೆ, ಕೊಡ್ಲಾ?’ ಕೊಡಬೇಡ ಎಂದು ಒಬ್ಬೊಬ್ಬರಿಗೂ ಹೇಳುವ ಬದಲು ನಿಮ್ಮ ಪತ್ರಿಕೆಯ ಮೂಲಕ ಎಲ್ಲರಿಗೂ ಹೇಳೋಣ ಎಂದು ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಪ್ರಕಟಿಸಿ.

ನಾನು ಶಿಡ್ಲಘಟ್ಟದವನು. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. 2016ರಲ್ಲಿ ಚೀನಾ ಸರಕಾರದ ಸ್ಕಾಲರ್‌ಶಿಪ್ ಸಿಕ್ಕಿ ಹಾಂಗ್‌ಝೌ ಊರಿಗೆ ಹೋದೆ. ರೇಷ್ಮೆಗೆ ಹೆಸರಾದ ಊರು ಅದು. ಮೊದಲು ಒಂದು ವರ್ಷ ಭಾಷೆ, ಆಮೇಲೆ ಜವಳಿ ವಿಷಯದಲ್ಲಿ ಮಾಸ್ಟರ್ಸ್. ತಿಂಗಳಿಗೆ 3,000 ಯುವಾನ್ ಕೊಡುತ್ತಿದ್ದರು. ಹಾಸ್ಟೆಲ್ ಪುಕ್ಕಟೆ. ಊಟಕ್ಕೆ, ಓಡಾಟಕ್ಕೆ ಸಾಕಾಗುತ್ತಿತ್ತು. ಆದರೆ ಎಲ್ಲಾದರೂ ಕೆಲಸ ಕಲಿಯದೆ ಸುಮ್ನೆ ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದರೆ ಏನು ಪ್ರಯೋಜನ? ಹಾಗಾಗಿ ಇಂಟರ್ನ್‌ಶಿಪ್ ಹುಡುಕಲು ಶುರು ಮಾಡಿದೆ. ಮೊದಲು ಸಿಕ್ಕಿದವನು ಒಬ್ಬ ದಲ್ಲಾಳಿ.

ಅವನು 6,000 ಯುವಾನ್ ಕೇಳಿದ. ನನ್ನ ಎರಡು ತಿಂಗಳ ಸ್ಕಾಲರ್‌ಶಿಪ್ ಅದು. ಜವಳಿ ಕಂಪನಿಯಲ್ಲಿ ಹಾಕಿಸುತ್ತೇನೆ, ಪೇಪರ್ ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ ಎಂದ. ದುಡ್ಡು ಕೈಗೆ ಹೋದ ಮೇಲೆ ಅವನು ಕಳಿಸಿದ್ದು ಒಂದು ಶಿಶುವಿಹಾರಕ್ಕೆ. ಶನಿವಾರ, ಭಾನುವಾರ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹಾಡು ಹೇಳಿಕೊಡುವ ಕೆಲಸ. ಎರಡನೇ ವಾರ ಅಲ್ಲಿನ ಅಡುಗೆಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಪೊಲೀಸರು ಬಂದರೆ ಹಿಂದಿನ ಬಾಗಿಲಿಂದ ಹೋಗು ಅಂತ ಹಿಂದೆ ಇದ್ದವರಿಗೂ ಹೇಳಿದ್ದರು, ನೀನು ಓದುವ ಹುಡುಗ, ಇಲ್ಲಿ ಯಾಕೆ ಬಂದೆ’ ಎಂದು ಕೇಳಿದರು. ಅವತ್ತೇ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ. ಆ ತಾಯಿಯನ್ನು ಇವತ್ತಿಗೂ ನೆನೆಯುತ್ತೇನೆ.

ಯಾಕೆಂದರೆ ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತಿದೆ, ಅದನ್ನೇ ಮೊದಲು ಹೇಳುತ್ತೇನೆ. ಓದಲು ಹೋದವರ ಹತ್ತಿರ ಇರುವುದು ಓದಿನ ವಾಸದ ಪರವಾನಗಿ. ಹೆಚ್ಚು ಕಾಲ ಓದಲು ಹೋಗುವವರಿಗೆ ಕೊಡುವ ಎಕ್ಸ್1 ವೀಸಾದಲ್ಲಿ ಇಳಿದು 30 ದಿನದೊಳಗೆ ಅದಕ್ಕೆ ಅರ್ಜಿ ಹಾಕಬೇಕು. ಅದು ಕೈಯಲ್ಲಿದ್ದರೆ ಕೆಲಸ ಮಾಡಬಹುದು ಎಂದಲ್ಲ. ಕಾಲೇಜಿನ ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ಮೊದಲು ಕಂಪನಿಯ ಪತ್ರ ಬೇಕು. ಆಮೇಲೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ. ಇವೆರಡನ್ನೂ ಪೊಲೀಸ್ ಇಲಾಖೆಯ ವಲಸೆ ಕಚೇರಿಗೆ ಒಯ್ದರೆ, ಎಲ್ಲಿ ಕೆಲಸ, ಯಾವ ದಿನದವರೆಗೆ ಎಂಬುದನ್ನು ಅವರು ಪರವಾನಗಿಯಲ್ಲೇ ಬರೆದು ಕೊಡುತ್ತಾರೆ. ಆ ಬರಹ ಇಲ್ಲದೆ ಒಂದು ದಿನ ಕೆಲಸ ಮಾಡಿದರೂ ಅದು ಅಕ್ರಮ. ಸಂಬಳ ಇಲ್ಲದ ಕೆಲಸಕ್ಕೆ ಇದೆಲ್ಲ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಿಕ್ಕಿಬಿದ್ದರೆ ವಿದ್ಯಾರ್ಥಿಗೆ 5,000ದಿಂದ 20,000 ಯುವಾನ್ ದಂಡ. ತಪ್ಪು ದೊಡ್ಡದೆನಿಸಿದರೆ 5ರಿಂದ 15 ದಿನ ಒಳಗೂ ಹಾಕಬಹುದು, ದೇಶದಿಂದ ಹೊರಗೂ ಕಳಿಸಬಹುದು. ಇಟ್ಟುಕೊಂಡ ಕಂಪನಿಗೂ ತಲೆಗೆ 10,000 ಯುವಾನ್ ದಂಡ ಇದೆ. 2013ರ ಜುಲೈನಿಂದ ಜಾರಿಯಲ್ಲಿರುವ ಕಾನೂನು ಇದು. ದಲ್ಲಾಳಿ ಮಾತ್ರ ಆರಾಮಾಗಿ ಇರುತ್ತಾನೆ, ಅವನ ಹೆಸರು ಯಾವ ಪೇಪರಿನಲ್ಲೂ ಇರುವುದಿಲ್ಲ. ‘ಬಿಸಿನೆಸ್ ವೀಸಾದಲ್ಲಿ ಬಂದುಬಿಡು, ಯಾರೂ ಕೇಳಲ್ಲ’ ಎನ್ನುವವರೂ ಇದ್ದಾರೆ. ಅದು ವ್ಯಾಪಾರದ ಮಾತುಕತೆಗೆ ಬರುವವರ ವೀಸಾ. ಅದರಲ್ಲಿ ಹೋಗಿ ಆಫೀಸಿನಲ್ಲಿ ಕೂತು ಕೆಲಸ ಮಾಡುವ ಹಾಗಿಲ್ಲ.

ಎಂಬಿಬಿಎಸ್ ಓದುವ ಮಕ್ಕಳ ಲೆಕ್ಕ ಬೇರೆ. ಅವರ ಇಂಟರ್ನ್‌ಶಿಪ್ ಓದಿನ ಭಾಗ. ಅದಕ್ಕೆ ನಮ್ಮ ದೇಶದ ವೈದ್ಯಕೀಯ ಆಯೋಗದ 2021ರ ನಿಯಮಗಳಿವೆ, ಅವನ್ನೇ ನೋಡಿಕೊಳ್ಳಬೇಕು. ನಾನು ಬರೆಯುತ್ತಿರುವುದು ಎಂಜಿನಿಯರಿಂಗ್, ವ್ಯಾಪಾರ, ಭಾಷೆ, ಜವಳಿ ಓದುವವರ ಬಗ್ಗೆ. 2018ರಲ್ಲಿ ಚೀನಾದಲ್ಲಿ 4,92,185 ವಿದೇಶಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ ನಮ್ಮವರು 23,198 ಮಂದಿ. ದಕ್ಷಿಣ ಕೊರಿಯಾ, ಥಾಯ್ಲೆಂಡ್, ಪಾಕಿಸ್ತಾನದ ನಂತರ ನಾವೇ. ಇಷ್ಟು ಜನರಲ್ಲಿ ಅಲ್ಲಿನ ಆಫೀಸಿನ ಒಳಗೆ ಕಾಲಿಟ್ಟು ನೋಡಿದವರು ನನ್ನ ಪರಿಚಯದಲ್ಲಿ ಬೆರಳೆಣಿಕೆಯಷ್ಟು. ಆಗ ನನ್ನ ಹಾಸ್ಟೆಲಿನಲ್ಲಿದ್ದ ಆಫ್ರಿಕಾದ, ಮಧ್ಯ ಏಷ್ಯಾದ ಗೆಳೆಯರದೂ ಇದೇ ಪಾಡಾಗಿತ್ತು.

ನನಗೆ ನಿಜವಾದ ಇಂಟರ್ನ್‌ಶಿಪ್ ಸಿಕ್ಕಿದ್ದು 2018ರಲ್ಲಿ, ನಮ್ಮ ಮೇಷ್ಟ್ರ ಕಡೆಯಿಂದ. ಅಲ್ಲಿ ಮಾಸ್ಟರ್ಸ್ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕರು ಇರುತ್ತಾರೆ, ಮಗನ ಹಾಗೆ ನೋಡಿಕೊಳ್ಳುತ್ತಾರೆ, ಮಗನ ಹಾಗೆ ಬೈಯುತ್ತಾರೆ ಕೂಡ. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವರು ಅವತ್ತು ಏನೂ ಹೇಳಲಿಲ್ಲ. ಮೂರು ವಾರ ಬಿಟ್ಟು ಒಂದು ಊಟಕ್ಕೆ ಕರೆದರು. ಅಲ್ಲಿ ಅವರ ಕಾಲೇಜು ಗೆಳೆಯರೊಬ್ಬರು ಇದ್ದರು. ಶಾವೋಶಿಂಗ್‌ನ ಕೆಚ್ಯಾವ್‌ನಲ್ಲಿ ಅವರದು ಬಟ್ಟೆ ರಫ್ತು ಮಾಡುವ ಆಫೀಸು. ಕೆಚ್ಯಾವ್ ಎಂದರೆ ಬಟ್ಟೆಯ ಸಮುದ್ರ. ಒಂದರ ಪಕ್ಕ ಒಂದು ಕಟ್ಟಡ, ತುಂಬಾ ಥಾನುಗಳು. ಭಾರತದ ವ್ಯಾಪಾರಿಗಳೂ ತುಂಬಾ ಇದ್ದಾರೆ, ದೋಸೆ ಬೇಕೆಂದರೆ ದೋಸೆಯೂ ಸಿಗುತ್ತದೆ. ಆ ಊಟದಲ್ಲಿ ಇಂಟರ್ನ್‌ಶಿಪ್ ಎಂಬ ಮಾತೇ ಬರಲಿಲ್ಲ. ನಮ್ಮ ಮನೆಯ ರೀಲಿಂಗ್ ಬಗ್ಗೆ, ನಮ್ಮೂರಿನ ಗೂಡಿನ ಮಾರುಕಟ್ಟೆ ಬಗ್ಗೆ ಕೇಳಿದರು, ನಾನು ಹೇಳಿದೆ. ಮಾರನೇ ದಿನ ಮೇಷ್ಟ್ರು, ‘ಸೋಮವಾರ ಪತ್ರ ಬರುತ್ತೆ, ಕಚೇರಿಗೆ ಕೊಡು’ ಎಂದರು.

ಇದನ್ನೇ ಅವರು ಗುವಾನ್‌ಶಿ ಎನ್ನುತ್ತಾರೆ. ನಮ್ಮವರು ಅದನ್ನು ‘ಇನ್‌ಫ್ಲುಯೆನ್ಸ್’ ಎಂದು ತಿಳಿದು ಮೂಗು ಮುರಿಯುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಅದು ಗುರುತು, ಪರಿಚಯ, ದಾಕ್ಷಿಣ್ಯ, ಹಂಗು ಎಲ್ಲಾ ಸೇರಿದ್ದು. ಗೂಡಿನ ವ್ಯಾಪಾರದಲ್ಲಿ ನಮ್ಮಪ್ಪ ಇವತ್ತಿಗೂ ಮೊದಲು ಕೇಳುವುದು ‘ಯಾರ ಕಡೆಯವರು?’ ಎಂದು. ಅಲ್ಲಿಯೂ ಅಷ್ಟೇ. ನಮ್ಮ ಮೇಷ್ಟ್ರು ನನ್ನನ್ನು ಕಳಿಸಿದಾಗ ತಮ್ಮ ಮರ್ಯಾದೆಯನ್ನೂ ನನ್ನ ಜೊತೆ ಕಳಿಸಿದರು. ನಾನು ಸರಿಯಾಗಿ ಕೆಲಸ ಮಾಡದಿದ್ದರೆ ತಲೆ ತಗ್ಗಿಸುವವರು ಅವರು. ಇದು ಅರ್ಥವಾದರೆ ಚೀನಾದ ವ್ಯವಹಾರ ಅರ್ಧ ಅರ್ಥವಾದ ಹಾಗೆ. ದುಡ್ಡು ಕೊಟ್ಟು ಕೊಂಡ ಜಾಗದಲ್ಲಿ ಈ ಜವಾಬ್ದಾರಿ ಯಾರಿಗೂ ಇರುವುದಿಲ್ಲ, ಅದಕ್ಕೇ ಅಲ್ಲಿ ಯಾರೂ ಕೆಲಸ ಕಲಿಸುವುದಿಲ್ಲ.

ಇನ್ನರ್ಧ ನಾನು ಕಲಿತಿದ್ದು ಒಂದು ತಪ್ಪು ಮಾಡಿ. ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ದುಬೈನಿಂದ ಗಿರಾಕಿಯೊಬ್ಬರು ಬಂದಿದ್ದರು. ನಮ್ಮ ಮಾರಾಟದ ಮ್ಯಾನೇಜರ್ ಒಂದು ಬಟ್ಟೆ ತೋರಿಸಿ 180 ಜಿಎಸ್‌ಎಂ ಎಂದರು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಬೆಳಗ್ಗೆ ನಾನೇ ತೂಕ ಮಾಡಿದ್ದೆ, 160 ಇತ್ತು. ‘ಇಲ್ಲ, 160’ ಎಂದುಬಿಟ್ಟೆ, ಎಲ್ಲರ ಎದುರು. ಅವರು ನಕ್ಕರು. ‘ಹೌದು ಹೌದು’ ಎಂದರು. ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಆಮೇಲೆ ಒಂದು ವಾರ ನನಗೆ ಯಾರೂ ಕೆಲಸ ಕೊಡಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಏನೂ ಹೇಳಲಿಲ್ಲ, ಬೆಳಗ್ಗೆ ಬಂದು ಕೂತು ಸಂಜೆ ಎದ್ದು ಹೋಗುತ್ತಿದ್ದೆ. ಕೊನೆಗೆ ಲೆಕ್ಕ ಬರೆಯುವ ಹಿರಿಯಕ್ಕ ಒಬ್ಬರು ಮಧ್ಯಾಹ್ನ ಊಟದ ಹೊತ್ತಿಗೆ ಮೆಲ್ಲಗೆ ತಿಳಿಸಿದರು. ಗಿರಾಕಿಗೆ ನಿಜ ಹೇಳಬೇಕಾಗಿತ್ತು, ಅದು ಸರಿ. ಆದರೆ ಮ್ಯಾನೇಜರ್‌ಗೆ ವೀಚಾಟ್‌ನಲ್ಲಿ (ನಮ್ಮ ವಾಟ್ಸಾಪ್ ಥರದ ಆ್ಯಪ್) ಒಂದು ಸಾಲು ಕಳಿಸಿದ್ದರೆ ಅವರೇ ತಿದ್ದಿಕೊಂಡು ಹೇಳುತ್ತಿದ್ದರು. ನೀನು ಅವರ ಮ್ಯಾನ್‌ಜ಼ ಕಿತ್ತುಕೊಂಡೆ ಎಂದರು. ಮ್ಯಾನ್‌ಜ಼ ಎಂದರೆ ಮುಖ. ನಾಲ್ಕು ಜನರ ಮುಂದೆ ಇರುವ ಮುಖ. ನಾವೂ ‘ಯಾವ ಮುಖ ಇಟ್ಕೊಂಡು ಹೋಗಲಿ’ ಎನ್ನುತ್ತೇವಲ್ಲ, ಅದೇ ಮುಖ. ಅವತ್ತು ಸಂಜೆ ಮ್ಯಾನೇಜರ್ ಒಬ್ಬರೇ ಇದ್ದಾಗ ಹೋಗಿ ಕ್ಷಮೆ ಕೇಳಿದೆ. ಮತ್ತೆ ಕೆಲಸ ಕೊಡಲು ಶುರು ಮಾಡಿದರು, ಆ ವಿಷಯ ಮತ್ತೆ ಎತ್ತಲೇ ಇಲ್ಲ.

ಇಂಥದ್ದನ್ನು ಹೋಗುವ ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಕನ್ನಡದವರಿಗೆ ಹೇಳುವುದು ಸುಲಭ ಕೂಡ, ಯಾಕೆಂದರೆ ಅರ್ಧಕ್ಕರ್ಧ ನಮ್ಮ ಮನೆಯಲ್ಲೇ ಇದೆ. ಉದಾಹರಣೆಗೆ, ಅಲ್ಲಿ ನೇರವಾಗಿ ‘ಆಗಲ್ಲ’ ಎನ್ನುವುದು ಕಡಿಮೆ. ‘ಖಾವ್‌ಲ್ಯು ಇಶ್ಯಾ’ ಎನ್ನುತ್ತಾರೆ, ಸ್ವಲ್ಪ ಯೋಚನೆ ಮಾಡುತ್ತೇವೆ ಎಂದು. ಅಮೆರಿಕದ ಹುಡುಗನೊಬ್ಬ ಅದನ್ನು ನಂಬಿ ಎರಡು ತಿಂಗಳು ಕಾದ. ನನಗೆ ಅವತ್ತೇ ಗೊತ್ತಾಯಿತು, ಅದು ನಮ್ಮ ‘ನೋಡೋಣ’. ಚಂದಾ ಕೇಳಲು ಹೋದಾಗ ಹಿರಿಯರು ‘ನೋಡೋಣ ಬಿಡಪ್ಪ’ ಎಂದರೆ ನಾವು ಮತ್ತೆ ಆ ಬಾಗಿಲಿಗೆ ಹೋಗುತ್ತೇವಾ? ಹಾಗೆಯೇ, ಹಳಬರು ಎದುರಾದಾಗ ‘ಚಿ ಲೆ ಮಾ’ ಎಂದರೆ ‘ಊಟ ಆಯ್ತಾ’ ಎಂದಷ್ಟೇ. ಬಡಿಸುತ್ತಾರೆ ಎಂದಲ್ಲ. ಹೆಸರು ಹಿಡಿದು ಯಜಮಾನರನ್ನು ಕರೆಯುವುದಿಲ್ಲ. ಮನೆತನದ ಹೆಸರು ಮೊದಲು, ಅದರ ಹಿಂದೆ ಹುದ್ದೆ. ವಾಂಗ್ ಮನೆತನದವರಾದರೆ ‘ವಾಂಗ್ ಜ಼ೊಂಗ್’. ನಮ್ಮಲ್ಲಿ ಸಾಹುಕಾರ್ರೇ ಎನ್ನುವ ಹಾಗೆ.

ಹೊಸದು ಎನಿಸುವುದೂ ಇದೆ. ಕೆಲಸವೆಲ್ಲ ನಡೆಯುವುದು ವೀಚಾಟ್ ಗುಂಪಿನಲ್ಲಿ, ಇಮೇಲ್ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಮೆಸೇಜು ಬಂದರೂ ‘ಬಂತು’ ಎಂದು ಒಂದು ಮಾತು ಹಾಕಿಬಿಡಬೇಕು. ಮಧ್ಯಾಹ್ನ ಊಟ ಆದ ಮೇಲೆ ದೀಪ ಆರಿಸಿ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಆಗ ಫೋನಿನಲ್ಲಿ ಮಾತಾಡಬಾರದು. ದೊಡ್ಡ ರಜೆ ಬಂದರೆ ಅದರ ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರ ಕೆಲಸ ಇರಬಹುದು, ಟಿಕೆಟ್ ಮಾಡಿಸುವ ಮೊದಲು ಕೇಳಿಕೊಳ್ಳಬೇಕು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ದುಡಿಸುವ 996 ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟು 2021ರಲ್ಲೇ ಕಾನೂನಿಗೆ ವಿರುದ್ಧ ಎಂದು ಹೇಳಿದೆ. ಇಂಟರ್ನ್‌ ಆಗಿ ಹೋದವರು ಅಷ್ಟು ಹೊತ್ತು ಕೂರುವುದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಎಷ್ಟು ಗಂಟೆ, ಯಾವ ದಿನ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

ಊಟದ ಮೇಜಿನ ಬಗ್ಗೆ ತಂದೆತಾಯಿ ತುಂಬಾ ಭಯ ಪಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳನ್ನು ಕಳಿಸುವವರು. ಕುಡಿಯಲೇಬೇಕಾ ಎಂದು ಕೇಳುತ್ತಾರೆ. ಬೇಕಿಲ್ಲ. ‘ಯಿ ಛಾ ದಾಯ್ ಜ್ಯೂ’ ಎಂಬ ಮಾತೇ ಇದೆ ಅಲ್ಲಿ, ಹೆಂಡದ ಬದಲು ಚಹಾ ಎಂದರ್ಥ. ಆದರೆ ಮೊದಲ ಲೋಟಕ್ಕೇ ಹೇಳಬೇಕು. ಒಂದು ಲೋಟ ಕುಡಿದು ಎರಡನೆಯದಕ್ಕೆ ಬೇಡ ಎಂದರೆ ಅವರಿಗೆ ಬೇಜಾರಾಗುತ್ತದೆ, ನೀವೂ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ. ಚಹಾದ ಲೋಟವನ್ನೇ ಎರಡು ಕೈಯಲ್ಲಿ ಹಿಡಿದು, ಹಿರಿಯರ ಲೋಟಕ್ಕಿಂತ ಸ್ವಲ್ಪ ಕೆಳಗೆ ತಾಗಿಸಿದರೆ ಸಾಕು, ಖುಷಿಪಡುತ್ತಾರೆ. ಮಾಂಸ ತಿನ್ನದವರೂ ಹಾಗೆಯೇ ಮೊದಲೇ ಹೇಳಿಬಿಡಿ. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಯಜಮಾನರದು, ತಪ್ಪಿಯೂ ಅಲ್ಲಿ ಹೋಗಿ ಕೂರಬೇಡಿ. ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟು ಬಿಡಬೇಡಿ, ಅದು ಸತ್ತವರಿಗೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ ಅವರಿಗೆ.

ಭಾಷೆಯ ವಿಷಯ. ಚೀನೀ ಭಾಷೆಗೆ ಎಚ್‌ಎಸ್‌ಕೆ ಎಂಬ ಪರೀಕ್ಷೆ ಇದೆ. ಎಚ್‌ಎಸ್‌ಕೆ ನಾಲ್ಕನೇ ಹಂತ ಪಾಸಾದರೆ ಸಾಕು ಎಂದುಕೊಂಡು ಬರುತ್ತಾರೆ. ಹಳೆಯ ಲೆಕ್ಕದಲ್ಲಿ ಅದಕ್ಕೆ 1,200 ಪದ. ತರಗತಿಗೆ ಅದು ಆದೀತು. ಕೆಚ್ಯಾವ್‌ನಲ್ಲಿ ಮೊದಲ ದಿನ ನನಗೆ ಅರ್ಥವಾಗಿದ್ದು ‘ಬಟ್ಟೆ’ ಮತ್ತು ‘ನಾಳೆ’ ಎರಡೇ. ಹಾಗಾಗಿ ಯಾವ ಕೆಲಸಕ್ಕೆ ಹೋಗುತ್ತೀರೋ ಆ ಕೆಲಸದ ಇನ್ನೂರು ಪದಗಳನ್ನು ಮೊದಲೇ ಬಾಯಿಪಾಠ ಮಾಡಿ. ಹುಡುಕಾಟವೂ ಚೀನೀ ಭಾಷೆಯಲ್ಲೇ ನಡೆಯಬೇಕು. ಲಿಂಕ್ಡ್‌ಇನ್ ಚೀನಾದಲ್ಲಿ ತನ್ನ ಉದ್ಯೋಗದ ಆ್ಯಪನ್ನು 2023ರಲ್ಲಿ ಮುಚ್ಚಿತು. ಅಲ್ಲಿನ ಮಕ್ಕಳು ಬಳಸುವುದು ಬಾಸ್ ಜಿಪಿನ್, ಶಿಶಿಸೆಂಗ್ ಥರದ ಆ್ಯಪ್‌ಗಳನ್ನು. ಒಂದೇ ಪುಟದ ಬಯೊಡೇಟಾ, ಫೋಟೊ, ಚೀನೀ ಹೆಸರು, ವೀಚಾಟ್ ನಂಬರು, ಇಷ್ಟು ಇದ್ದರೆ ಓದುತ್ತಾರೆ. ಮತ್ತೊಂದು, ಕೆಲಸ ಮುಗಿದ ಮೇಲೆ ಕಂಪನಿಯ ದುಂಡನೆಯ ಕೆಂಪು ಮೊಹರು ಬಿದ್ದ ಸರ್ಟಿಫಿಕೇಟನ್ನೇ ಪಡೆಯಿರಿ. ಸಹಿ ಎಷ್ಟು ಚೆನ್ನಾಗಿದ್ದರೂ ಮೊಹರಿಲ್ಲದ ಕಾಗದಕ್ಕೆ ಅಲ್ಲಿ ಬೆಲೆ ಇಲ್ಲ.

ಈಗ ನಾನು ನಿಜವಾಗಿ ಕೇಳಬೇಕು ಎಂದುಕೊಂಡಿದ್ದು. ಎಲ್ಲ ಮಕ್ಕಳಿಗೂ ನನಗೆ ಸಿಕ್ಕ ಹಾಗೆ ಮೇಷ್ಟ್ರು ಸಿಗುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲೇ ಚೀನಾದ ಜೊತೆ ವರ್ಷಗಟ್ಟಲೆ ವ್ಯವಹಾರ ಮಾಡಿದವರು ಇದ್ದಾರೆ. ರಾಮನಗರದ ಕಡೆ, ನಮ್ಮ ಶಿಡ್ಲಘಟ್ಟದ ಕಡೆ ಎಆರ್‌ಎಂ ಇಟ್ಟುಕೊಂಡ ರೀಲರ್‌ಗಳಿದ್ದಾರೆ. ಎಆರ್‌ಎಂ ಎಂದರೆ ತಾನಾಗಿಯೇ ನೂಲು ಬಿಚ್ಚುವ ಯಂತ್ರ, ಅದು ಚೀನಾದಿಂದ ಬಂದದ್ದು. ಅದು ಕೆಟ್ಟಾಗ ಅವರು ಫೋನ್ ಮಾಡುವುದು ಅಲ್ಲಿಗೇ. ಪೀಣ್ಯದಲ್ಲಿ ಚೀನಾ ಯಂತ್ರ ತರಿಸುವ ಸಣ್ಣ ಕೈಗಾರಿಕೆಯವರಿದ್ದಾರೆ. ಟೈಲ್ಸ್, ಪೀಠೋಪಕರಣ, ಬಲ್ಬು ತರಿಸುವ ವ್ಯಾಪಾರಿಗಳಿದ್ದಾರೆ. ಇವರೆಲ್ಲ ಅಲ್ಲಿನ ಕಂಪನಿಗೆ ಗಿರಾಕಿಗಳು. ಗಿರಾಕಿ ಹೇಳಿದ ಮಾತಿಗೆ ಅಲ್ಲಿ ಎಷ್ಟು ತೂಕ ಇದೆ ಎಂದು ನನಗೆ ಗೊತ್ತು. ‘ನಮ್ಮೂರಿನ ಹುಡುಗಿ ನಿಮ್ಮ ಊರಲ್ಲೇ ಓದುತ್ತಿದ್ದಾಳೆ, ಮೂರು ತಿಂಗಳು ಕೆಲಸ ಕಲಿಸಿ, ಪತ್ರ ಕೊಟ್ಟು ಕಾನೂನಿನ ಪ್ರಕಾರವೇ ತಗೊಳ್ಳಿ’ ಎಂದು ಇವರು ಒಂದು ಮಾತು ಹೇಳಿದರೆ, ಯಾವ ದಲ್ಲಾಳಿಯೂ ಮಾಡಲಾಗದ ಕೆಲಸ ಆಗುತ್ತದೆ.

ಸುಮ್ನೆ ಊಹೆಯಿಂದ ಹೇಳುತ್ತಿಲ್ಲ. ಹೋದ ವರ್ಷ ನಮ್ಮ ಪಕ್ಕದ ಬೀದಿಯ ರೀಲರ್ ಒಬ್ಬರಿಂದ ಇಂಥದ್ದೇ ಒಂದು ಫೋನ್ ಮಾಡಿಸಿದೆ. ಹಾಂಗ್‌ಝೌನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ಚಿಂತಾಮಣಿಯ ಹುಡುಗನಿಗೆ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಪರವಾನಗಿಯಲ್ಲಿ ಬರೆಸಿಕೊಂಡೇ ಸೇರಿದ. ರೀಲರ್‌ಗೂ ಲಾಭವಾಯಿತು. ಅವರು ಎರಡು ವರ್ಷದಿಂದ ಸನ್ನೆ ಭಾಷೆಯಲ್ಲಿ, ಫೋಟೊ ಕಳಿಸಿ ಕಳಿಸಿ ಕೇಳುತ್ತಿದ್ದ ಬಿಡಿಭಾಗ ಯಾವುದು ಎಂದು ಆ ಹುಡುಗ ಕಾರ್ಖಾನೆಯ ಒಳಗೆ ನಿಂತು, ಕನ್ನಡದಲ್ಲಿ ಕೇಳಿಕೊಂಡು ಚೀನೀಯಲ್ಲಿ ಹೇಳಿ ಕಳಿಸಿಕೊಟ್ಟ.

ಅದಕ್ಕೇ ರೀಲರ್‌ಗಳ ಸಂಘಗಳಲ್ಲಿ, ಕೈಗಾರಿಕೆಯವರ ಸಂಘಗಳಲ್ಲಿ ಒಂದು ಪಟ್ಟಿ ಮಾಡಿ ಎಂದು ಕೇಳುತ್ತಿದ್ದೇನೆ. ಯಾರಿಗೆ ಯಾವ ಊರಿನ ಕಂಪನಿ ಗೊತ್ತು ಎಂಬ ಪಟ್ಟಿ. ವಿದ್ಯಾರ್ಥಿಗಳನ್ನು ಚೀನಾಕ್ಕೆ ಕಳಿಸುವ ಸಂಸ್ಥೆಗಳು ವೀಸಾ ಕೊಡಿಸಿ ಕೈತೊಳೆದುಕೊಳ್ಳುವುದನ್ನು ಬಿಟ್ಟು, ಅಲ್ಲಿ ಕೆಲಸ ಮಾಡಿ ಬಂದವರನ್ನು ಕರೆಸಿ ಎರಡು ದಿನವಾದರೂ ಮಕ್ಕಳ ಜೊತೆ ಕೂರಿಸಲಿ. ಯಿವುನಲ್ಲಿ, ಕೆಚ್ಯಾವ್‌ನಲ್ಲಿ, ಗುವಾಂಗ್‌ಝೌನಲ್ಲಿ ಇರುವ ಕನ್ನಡದವರು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಅಣ್ಣನೋ ಅಕ್ಕನೋ ಆಗಲಿ. ಅಲ್ಲೇ ಮಾಸ್ಟರ್ಸ್ ಮುಗಿಸಿದವರಿಗೆ ಕೆಲಸದ ಪರವಾನಗಿಗೆ ಎರಡು ವರ್ಷದ ಅನುಭವದ ನಿಯಮದಿಂದ 2017ರಿಂದ ವಿನಾಯಿತಿ ಇದೆ. ಆದರೆ ಕೆಲಸ ಕೊಡುವವರು ಮೊದಲು ಕೇಳುವುದು ‘ಇಲ್ಲಿ ಎಲ್ಲಿ ಕೆಲಸ ಮಾಡಿದ್ದೀಯ, ಅಲ್ಲಿ ಯಾರನ್ನು ಕೇಳಬೇಕು’ ಎಂದೇ. ಆ ಪ್ರಶ್ನೆಗೆ ಉತ್ತರ ಇಲ್ಲದೆ ನನ್ನ ಜೊತೆ ಓದಿದ ಇಬ್ಬರು ವಾಪಸ್ ಬಂದರು. ಇಬ್ಬರೂ ನನಗಿಂತ ಬುದ್ಧಿವಂತರು.

ಮೊನ್ನೆ ಕೋಲಾರದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಶಾವೋಶಿಂಗ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಪರವಾನಗಿಯೂ ಆಗಿದೆ, ರಜೆಗೆ ಬಂದವಳು ಮುಂದಿನ ವಾರ ವಾಪಸ್ ಹೋಗುತ್ತಾಳೆ. ‘ಅಣ್ಣಾ, ಆಫೀಸಿನವರಿಗೆ ಏನು ತಗೊಂಡು ಹೋಗ್ಲಿ?’ ಎಂದು ಕೇಳಿದಳು. ಗಡಿಯಾರ ಮಾತ್ರ ಬೇಡಮ್ಮ, ಗಡಿಯಾರ ಕೊಡುವುದು ಎನ್ನುವ ಮಾತು ಅವರ ಭಾಷೆಯಲ್ಲಿ ಸಾವಿನ ಮಾತಿನ ಹಾಗೆ ಕೇಳಿಸುತ್ತದೆ ಎಂದೆ. ಚಿಕ್ಕಮಗಳೂರಿನ ಕಾಫಿಪುಡಿ ತಗೊಂಡು ಹೋಗು, ಎರಡು ಕೈಯಲ್ಲಿ ಕೊಡು, ನಿನ್ನ ಎದುರು ಬಿಚ್ಚಿ ನೋಡದಿದ್ದರೆ ಬೇಜಾರು ಮಾಡ್ಕೋಬೇಡ, ಅದು ಅವರ ರೀತಿ. ಜೊತೆಗೆ ಒಂದು ಸಣ್ಣ ಫಿಲ್ಟರ್ ಕೂಡ ಇಟ್ಟುಕೋ. ಬಿಸಿನೀರು ಅಲ್ಲಿ ಎಲ್ಲಾ ಆಫೀಸಿನಲ್ಲೂ ಇರುತ್ತದೆ.

ಇಂತಿ,
ನಿಮ್ಮ ಓದುಗ, ಶಿಡ್ಲಘಟ್ಟ